ಶಟರಿಗೆ ಹಚ್ಚಿದ ಕೇಶತೈಲ

ನಮ್ಮ ಅಂಗಡಿಯ ಶಟರ್ ಈಗ ಸದ್ದು ಮಾಡುವುದಿಲ್ಲ. ಮೊದಲೆಲ್ಲ ಬೆಳಗ್ಗೆ ನಾನು ಅದನ್ನು ಎತ್ತಿದರೆ ಮಧುರೆ ಸರ್ಕಲ್ಲಿನಲ್ಲಿ ಮಲಗಿದ್ದ ನಾಯಿಗಳು ಎದ್ದು ಒಂದು ಸುತ್ತು ಬೊಗಳಿ ಮತ್ತೆ ಮಲಗುತ್ತಿದ್ದವು. ಎದುರಿನ ಹೋಟೆಲಿನವನು ತಾನು ಇಡ್ಲಿ ಇಳಿಸುವುದೇ ನಮ್ಮ ಶಟರ್ ಕೂಗಿದ ಮೇಲೆ ಎನ್ನುತ್ತಿದ್ದ. ಈಗ ಒಂದು ಕೈಯಲ್ಲಿ ಎತ್ತಿದರೂ ಸುಯ್ಯೆಂದು ಮೇಲಕ್ಕೆ ಹೋಗುತ್ತದೆ. ಅದಕ್ಕೆ ಏನು ಹಾಕಿದೆ ಎಂದು ಕೇಳಿದವರಿಗೆ ನಾನು ಕೌಂಟರಿನ ಕೆಳಗಿನಿಂದ ಒಂದು ಹಸಿರು ಬಾಟಲಿ ತೆಗೆದು ತೋರಿಸುತ್ತೇನೆ. ಅದರ ಮೇಲೆ ಮೊಣಕಾಲುದ್ದ ಕೂದಲು ಬಿಟ್ಟುಕೊಂಡ ಹೆಂಗಸೊಬ್ಬಳು ನಗುತ್ತಿದ್ದಾಳೆ. ಅವಳ ಪಕ್ಕದಲ್ಲಿ ಒಬ್ಬನೇ ಗಂಡಸಿನ ಎರಡು ತಲೆಗಳಿವೆ, ಒಂದು ಬೋಳು, ಇನ್ನೊಂದು ಪೊದೆ. ಕೇಳಿದವರು ಒಮ್ಮೆ ಬಾಟಲಿ ನೋಡುತ್ತಾರೆ, ಒಮ್ಮೆ ನನ್ನ ತಲೆ ನೋಡುತ್ತಾರೆ, ಆಮೇಲೆ ಮಳೆಯ ವಿಷಯ ತೆಗೆಯುತ್ತಾರೆ. ನಮ್ಮ ಕಡೆಯ ಜನಕ್ಕೆ ದಾಕ್ಷಿಣ್ಯ ಜಾಸ್ತಿ.

ತಲೆಗೆಂದು ತಂದ ಎಣ್ಣೆ ಶಟರಿಗೆ ಹೋದದ್ದು ಹೇಗೆ ಎಂದು ಹೇಳಬೇಕಾದರೆ ಮೊದಲು ನಮ್ಮ ಮನೆತನದ ತಲೆಗಳ ಪರಿಚಯ ಮಾಡಿಕೊಡಬೇಕು. ನಮ್ಮ ನಡುಮನೆಯ ಗೋಡೆಯಲ್ಲಿ ಮುತ್ತಾತ, ತಾತ, ದೊಡ್ಡಪ್ಪ, ಅಪ್ಪ ಸಾಲಾಗಿ ಫೋಟೋಗಳಾಗಿ ಕುಳಿತಿದ್ದಾರೆ. ಎಲ್ಲರ ತಲೆಗೂ ರುಮಾಲು. ಚಿಕ್ಕಂದಿನಲ್ಲಿ ನಾನು ಅದನ್ನು ಗೌಡಿಕೆಯ ಗತ್ತು ಎಂದುಕೊಂಡು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ನನಗೆ ಮದುವೆಯಾಗಿ, ಒಂದು ಬೆಳಗ್ಗೆ ಕನ್ನಡಿಯ ಮುಂದೆ ನಿಂತು ನೆತ್ತಿಯ ಮೇಲೆ ಒಂದು ರೂಪಾಯಿ ಅಗಲದ ಬಯಲು ಕಂಡ ಮೇಲೆ ಆ ರುಮಾಲುಗಳ ಮರ್ಮ ಗೊತ್ತಾಯಿತು. ಗತ್ತೂ ಇಲ್ಲ, ಗಿತ್ತೂ ಇಲ್ಲ. ಎಲ್ಲರೂ ಮುಚ್ಚಿಟ್ಟುಕೊಂಡೇ ಹೋಗಿದ್ದಾರೆ.

ಎಣ್ಣೆಯ ಕೊರತೆಯಿಂದ ಉದುರಿತು ಎನ್ನುವ ಹಾಗಂತೂ ಇಲ್ಲ. ಶನಿವಾರ ಬಂತೆಂದರೆ ಅವ್ವ ಹಿತ್ತಲಿನ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಮನೆಯಲ್ಲೇ ಹುರಿದು ಕುಟ್ಟಿ ಕಾಯಿಸಿದ ಹರಳೆಣ್ಣೆಯನ್ನು ತಲೆಗೆ ಸುರಿದು, ರಾಗಿ ಮುದ್ದೆ ತಿರುವುವ ಕೈಯಲ್ಲೇ ತಲೆಯನ್ನೂ ತಿರುವುತ್ತಿದ್ದಳು. ಎಣ್ಣೆ ಹಣೆಯಿಂದ ಇಳಿದು ಕಣ್ಣಿಗೆ ಹೋಗಿ, ಅಲ್ಲಿಂದ ಬಾಯಿಗೆ ಬಂದು, ಆ ದಿನವೆಲ್ಲ ಜಗತ್ತೇ ಮಂಜು ಮಂಜಾಗಿ ಕಾಣುತ್ತಿತ್ತು. ಆಮೇಲೆ ಸೀಗೆಪುಡಿ. ಅದು ಕಣ್ಣಿಗೆ ಹೋದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ, ನೀವೂ ಅತ್ತವರೇ. ಅಷ್ಟು ಅತ್ತರೂ ತಲೆ ತನ್ನ ಪಾಡಿಗೆ ತಾತನ ದಾರಿಯನ್ನೇ ಹಿಡಿಯಿತು.

ಇನ್ನೊಂದು ನೆನಪಾಗುತ್ತದೆ. ಅವ್ವ ತಲೆ ಬಾಚಿದ ಮೇಲೆ ಬಾಚಣಿಗೆಗೆ ಸಿಕ್ಕ ಕೂದಲನ್ನು ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ, ಒಮ್ಮೆ ಥೂ ಎಂದು ಉಗಿದು, ಹಿತ್ತಲ ಗೋಡೆಯ ಗೂಡಿನಲ್ಲಿ ತುರುಕುತ್ತಿದ್ದಳು. ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಕೂದಲಿನವನು ಬರುತ್ತಿದ್ದ. ಉಂಡೆಗಳನ್ನು ಕೊಟ್ಟರೆ ಪಿನ್ನು, ಟೇಪು, ಜಾಸ್ತಿ ಇದ್ದರೆ ಒಂದು ಸ್ಟೀಲ್ ಬಟ್ಟಲು. ಈಗಲೂ ಬರುತ್ತಾನೆ, ಆದರೆ ಮೊಪೆಡ್ಡಿನಲ್ಲಿ, ರೆಕಾರ್ಡ್ ಮಾಡಿದ ಕೂಗು ಹಾಕಿಕೊಂಡು. ಉದುರಿದ್ದಕ್ಕೂ ಬೆಲೆಯುಂಟು ಎಂದು ನಾನು ಕಲಿತದ್ದು ಆ ಗೂಡಿನಿಂದ. ನಮ್ಮ ಮನೆಯ ಗಂಡಸರ ಕೂದಲಿಗೆ ಮಾತ್ರ ಅವನು ಒಂದು ಪಿನ್ನನ್ನೂ ಕೊಡಲಿಲ್ಲ.

ನೆತ್ತಿ ಬಯಲಾದ ಮೇಲೆ ನಾನು ಒಂದು ವಿದ್ಯೆ ಕಲಿತೆ. ಎಡಗಿವಿಯ ಮೇಲಿನ ಕೂದಲನ್ನು ಗೇಣುದ್ದ ಬಿಟ್ಟು, ಅದನ್ನು ಒದ್ದೆ ಮಾಡಿ, ತಲೆಯ ಮೇಲಿಂದ ಎಳೆದುಕೊಂಡು ಹೋಗಿ ಬಲಗಿವಿಯ ಮೇಲೆ ಕೂರಿಸುವುದು. ಒಂದೇ ತೂಬಿನಿಂದ ಇಡೀ ಗದ್ದೆಗೆ ನೀರು ಹಾಯಿಸಿದ ಹಾಗೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಈ ವಿದ್ಯೆ ಕಲಿತವನಿಗೆ ಗಾಳಿ ಜನ್ಮವೈರಿಯಾಗುತ್ತದೆ. ಮದುವೆ ಮನೆಗೆ ಹೋದರೆ ಎಲ್ಲರೂ ಊಟದ ಪಂಕ್ತಿ ನೋಡಿದರೆ ನಾನು ಫ್ಯಾನು ಯಾವ ಕಡೆ ತಿರುಗುತ್ತಿದೆ ಎಂದು ನೋಡುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಯಾರಿಗೆ ಬೇಕಾದರೂ ಬಿಟ್ಟುಕೊಟ್ಟು ಒಳ್ಳೆಯವನೆನ್ನಿಸಿಕೊಂಡೆ. ವರ್ಷಕ್ಕೊಮ್ಮೆ ಮನೆಯವರೆಲ್ಲ ಶಿವಗಂಗೆಗೆ ಹೋಗುವುದು ನಮ್ಮಲ್ಲಿ ರೂಢಿ. ಅವರು ಬೆಟ್ಟ ಹತ್ತುವಾಗ ನಾನು ಕೆಳಗೆ ಕುಳಿತು ಚಪ್ಪಲಿ ಕಾಯುತ್ತಿದ್ದೆ. ಕೋತಿಗಳ ಕಾಟ ಎಂದು ನೆಪ ಹೇಳುತ್ತಿದ್ದೆ. ನಿಜವಾದ ಕಾಟ ಮೇಲಿನ ಗಾಳಿಯದು.

ಹಾಗೆಂದು ಬೆಳೆಸುವ ಪ್ರಯತ್ನ ಬಿಟ್ಟಿದ್ದೆ ಎಂದುಕೊಳ್ಳಬೇಡಿ. ಈರುಳ್ಳಿ ರಸ ಹಚ್ಚಿ ಅಂಗಡಿಗೆ ಹೋದ ದಿನ ಗಿರಾಕಿಗಳು ಬಾಗಿಲಲ್ಲೇ ನಿಂತು ವ್ಯಾಪಾರ ಮಾಡಿದರು. ಟಿವಿಯಲ್ಲಿ ಬಂದ ಹೆಲ್ಮೆಟ್ಟಿನಂಥದ್ದೊಂದನ್ನು ತರಿಸಿ, ಕೆಂಪು ದೀಪ ಹಾಕಿಕೊಂಡು ಕುಳಿತಿದ್ದಾಗ ಹಾಲು ಹಾಕಲು ಬಂದವನು ಹೆದರಿ ಕ್ಯಾನು ಬಿಟ್ಟು ಓಡಿದ. ಹೆಂಡತಿ ಮಂಜುಳಾ ಒಳ್ಳೆಯವಳು, ಏನೂ ಅನ್ನಲಿಲ್ಲ. ಆ ಹೆಲ್ಮೆಟ್ಟಿನಲ್ಲಿ ಈಗ ಕೋಳಿಯನ್ನು ಕಾವಿಗೆ ಕೂರಿಸಿದ್ದಾಳೆ. ಮರಿಗಳು ಚೆನ್ನಾಗಿ ಬಂದಿವೆ.

ನನ್ನ ತಲೆಯ ಮಟ್ಟಿಗೆ ಇದೆಲ್ಲ ನಗುವಿನ ವಿಷಯವೇ. ನಗು ನಿಂತದ್ದು ಮಗಳ ತಲೆಯ ವಿಷಯ ಬಂದಾಗ.

ಮಗಳು ಸಿಂಚನ ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವಳ ಕೂದಲು ಅವ್ವನ ಕಡೆಯಿಂದ ಬಂದದ್ದು, ಪುಣ್ಯಕ್ಕೆ. ಕುಳಿತರೆ ನೆಲ ಮುಟ್ಟುತ್ತಿತ್ತು. ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂದು, ಆಸ್ಪತ್ರೆಯಲ್ಲಿ ಮಲಗಿ, ನಾವೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡಿದ್ದು, ಅಂತೂ ಹುಷಾರಾಗಿ ಮನೆಗೆ ಬಂದಳು. ಸದ್ಯ, ಗಂಡಾಂತರ ಕಳೆಯಿತು ಎಂದುಕೊಂಡು ನಾವು ಅದನ್ನು ಮರೆತ ಮೇಲೆ ಕೂದಲು ಉದುರಲು ಶುರುವಾಯಿತು. ಉದುರುವುದೆಂದರೆ ಎಳೆ ಎಳೆಯಲ್ಲ, ಬಾಚಣಿಗೆ ಇಟ್ಟರೆ ಹಿಡಿ ಹಿಡಿ. ದಿಂಬಿನ ಮೇಲೆ, ಸ್ನಾನದ ಮನೆಯ ಜಾಲರಿಯಲ್ಲಿ, ಮುದ್ದೆಯಲ್ಲಿ ಸಹ. ಬೈತಲೆ ಅಗಲವಾಗುತ್ತಾ ಹೋಯಿತು. ಅವಳು ಮೊದಲು ದುಪಟ್ಟ ಹೊದ್ದು ಕಾಲೇಜಿಗೆ ಹೋದಳು, ಆಮೇಲೆ ಹೋಗುವುದನ್ನೇ ಬಿಟ್ಟಳು. ಕೇಳಿದರೆ ತಲೆನೋವು ಎನ್ನುತ್ತಿದ್ದಳು. ಮನೆಯಲ್ಲಿ ಸುಮ್ಮನಿರಲಾರದೆ ನನ್ನ ಜೊತೆ ಅಂಗಡಿಗೆ ಬಂದು ಗೊಬ್ಬರದ ಮೂಟೆಗಳ ಹಿಂದೆ ಕುಳಿತು ಮೊಬೈಲ್ ನೋಡುತ್ತಿದ್ದಳು. ಎಷ್ಟು ಮಾತಾಡುತ್ತಿದ್ದ ಹುಡುಗಿ.

ಅವ್ವನ ಹಿತ್ತಲ ಗೂಡು ವಾರದೊಳಗೆ ತುಂಬಿತು. ಕೂದಲಿನವನ ಮೊಪೆಡ್ ಬಂದು ಬಾಗಿಲಲ್ಲಿ ನಿಂತು ಕೂಗಿದಾಗ ಅವ್ವ ಒಳಗಿನಿಂದಲೇ ಏನೂ ಇಲ್ಲ, ಮುಂದಕ್ಕೆ ಹೋಗು ಎಂದಳು. ಬಟ್ಟಲು ಬಿಟ್ಟುಕೊಟ್ಟ ಅವ್ವನನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮ ವಂಶದ ಬೋಳು ಮಗಳಿಗೂ ಬಂತು ಎಂದು ನನ್ನ ತಲೆಗೆ ಹೊಕ್ಕುಬಿಟ್ಟಿತ್ತು. ಅಪ್ಪನಾದವನು ಕೊಟ್ಟದ್ದು ಇದೇನಾ ಎಂದು ಕೊರಗುತ್ತಿದ್ದಾಗಲೇ ದೊಡ್ಡಬಳ್ಳಾಪುರದ ಒಂದು ಛತ್ರದಲ್ಲಿ ಕೂದಲಿನ ಉಚಿತ ಶಿಬಿರ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಡಾಕ್ಟರು ಏನಾದರೂ ಕೆಟ್ಟದ್ದು ಹೇಳಿಬಿಟ್ಟರೆ ಎಂಬ ಭಯ ನನಗೆ. ಶಿಬಿರದವರು ಒಳ್ಳೆಯದನ್ನೇ ಹೇಳುತ್ತಾರೆ ಎಂಬ ಧೈರ್ಯವಿತ್ತು.

ಒಳ್ಳೆಯದನ್ನೇ ಹೇಳಿದರು. ವೇದಿಕೆಯ ಮೇಲೆ ಕಾವಿ ಜುಬ್ಬಾ ಹಾಕಿದ ಒಬ್ಬಾತ ಮೈಕು ಹಿಡಿದು ನಿಂತಿದ್ದ. ಎಲ್ಲರೂ ಅವನನ್ನು ಗುರೂಜಿ ಎನ್ನುತ್ತಿದ್ದರು. ಅವನ ಎಣ್ಣೆಗೆ ಹಿಮಾಲಯದ ಬೇರು ಬಿದ್ದಿದೆಯಂತೆ, ಅದರ ಹೆಸರನ್ನು ಹೇಳುವ ಹಾಗಿಲ್ಲವಂತೆ. ಬಾಣಲಿಯಂಥ ತಲೆಯಲ್ಲೂ ಕೂದಲು ಬರುತ್ತದಂತೆ, ನೂರಕ್ಕೆ ನೂರು. ಇಷ್ಟು ಹೇಳಿ ಅವನು ನಮ್ಮ ಮರ್ಮಕ್ಕೇ ಕೈ ಹಾಕಿದ. "ಶಿವಗಂಗೇಲಿ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆ ಆಗಲ್ವಾ? ಕಣ್ಣಾರೆ ನೋಡಿದ್ದೀರಿ ತಾನೆ? ಅದನ್ನ ನಂಬೋರು ಇದನ್ನ ಯಾಕೆ ನಂಬಲ್ಲ?" ಛತ್ರದಲ್ಲಿ ಯಾರಾದರೂ ಆಗಲ್ಲ ಎನ್ನುವುದುಂಟೇ? ಮುಂದಿನ ಸಾಲಿನ ಅಜ್ಜಿಯೊಬ್ಬಳು ಕೈ ಮುಗಿದಳು. ನಾನೂ ಮುಗಿದೆ.

ಆಮೇಲೆ ಸಾಕ್ಷಿಗೆ ಒಬ್ಬನನ್ನು ಕರೆದರು. ಕಪ್ಪಗೆ, ದಟ್ಟವಾಗಿ, ನೋಡಿದರೆ ಹೊಟ್ಟೆ ಉರಿಯುವಂಥ ಕ್ರಾಪು. ತಾನು ಇಲ್ಲೇ ಪಕ್ಕದ ವಿಜಯಪುರದ ಕಡೆ ರೇಷ್ಮೆ ನೂಲು ತೆಗೆಯುವವನು, ತಲೆ ಪೂರ್ತಿ ಬೋಳಾಗಿ ಹೆಣ್ಣು ಕೊಡುವವರಿರಲಿಲ್ಲ, ಈ ಎಣ್ಣೆಯಿಂದ ಈಗ ಎರಡು ಮಕ್ಕಳು ಎಂದ. ಕೂದಲಿಗೂ ಮಕ್ಕಳಿಗೂ ಏನು ಸಂಬಂಧ ಎಂದು ಯೋಚಿಸಲು ಪುರಸೊತ್ತು ಸಿಗಲಿಲ್ಲ, ಈ ದಿನ ಕೊಂಡವರಿಗೆ ಮಾತ್ರ ರಿಯಾಯಿತಿ ಎಂದು ಬಾಟಲಿ ಹಂಚತೊಡಗಿದ್ದರು. ಒಂದು ಪಥ್ಯವೂ ಇತ್ತು. ಬದನೆಕಾಯಿ ತಿಂದರೆ ಎಣ್ಣೆ ಕೆಲಸ ಮಾಡುವುದಿಲ್ಲ. ನಮ್ಮ ಕಡೆ ಬದನೆಕಾಯಿ ತಿನ್ನದೆ ಒಂದು ವಾರ ಇರುವವನು ಯಾರು? ನಾಳೆ ಕೂದಲು ಬಾರದಿದ್ದರೆ ತಪ್ಪು ಬದನೆಕಾಯಿಯದು, ಎಣ್ಣೆಯದಲ್ಲ. ಇದು ನನಗೆ ಈಗ ಹೊಳೆಯುತ್ತಿದೆ. ಆ ದಿನ ಹೊಳೆದದ್ದು ಅಯ್ಯೋ, ಬೆಳಗ್ಗೆ ತಾನೆ ಬದನೆಕಾಯಿ ಗೊಜ್ಜು ತಿಂದುಬಿಟ್ಟೆನಲ್ಲ ಎಂದು ಮಾತ್ರ. ಮಗಳಿಗೆ ಎಂದು ಹೇಳಿ ಫೋನ್ ನಂಬರು ಬರೆಸಿ, ಬಾಟಲಿ ತೆಗೆದುಕೊಂಡು ಬಂದೆ.

ಇಷ್ಟಾದರೂ ನನ್ನ ಕಸುಬಿನ ಬುದ್ಧಿ ಒಂದು ಚೂರು ಉಳಿದಿತ್ತು. ನಮ್ಮದು ಬೀಜ ಗೊಬ್ಬರದ ಅಂಗಡಿ. ಹೊಸ ತಳಿ ಬಂದರೆ ಕೃಷಿ ಇಲಾಖೆಯವರು ಮೊದಲು ಯಾರದಾದರೂ ಹೊಲದಲ್ಲಿ ಒಂದು ತುಂಡಿನಲ್ಲಿ ಹಾಕಿ ತೋರಿಸುತ್ತಾರೆ, ಅದಕ್ಕೆ ಪ್ರಾತ್ಯಕ್ಷಿಕೆ ತಾಕು ಎಂದು ಬೋರ್ಡು ನೆಡುತ್ತಾರೆ. ಮಗಳ ತಲೆಗೆ ಹಾಕುವ ಮೊದಲು ನನ್ನ ತಲೆಯೇ ಪ್ರಾತ್ಯಕ್ಷಿಕೆ ತಾಕು ಆಗಲಿ ಎಂದುಕೊಂಡೆ. ಜಾಗವೂ ಖಾಲಿ ಇತ್ತು. ಸಾಯಂಕಾಲ ಹಿತ್ತಲಿಗೆ ಹೋಗಿ ಧಾರಾಳವಾಗಿ ಹಚ್ಚಿಕೊಂಡೆ. ಮೊದಲು ತಂಪು, ಆಮೇಲೆ ಬಿಸಿ, ಆಮೇಲೆ ಒಲೆಯ ಮೇಲೆ ತಲೆ ಇಟ್ಟ ಹಾಗೆ. ತೊಟ್ಟಿಯ ನೀರಿಗೆ ತಲೆ ಅದ್ದಿ ಕುಳಿತೆ. ಅವ್ವ ಬಂದು ಮಜ್ಜಿಗೆ ಸುರಿದಳು, ಮಂಜುಳಾ ಲೋಳೆಸರ ತಂದಳು. ಬೇರಿಗೆ ಮುಟ್ಟುತ್ತಿದೆ ಎಂದು ಉರಿಯ ನಡುವೆಯೂ ನಾನು ಸಮರ್ಥನೆ ಕೊಡುತ್ತಿದ್ದೆ. ಮಂಜುಳಾ ಆಗ ಮೊದಲ ಸಲ ಬಾಯಿ ಬಿಟ್ಟು, ನೀವು ಏನಾದ್ರೂ ಮಾಡ್ಕೊಳ್ಳಿ, ಇದನ್ನ ಮಗು ತಲೆಗೆ ಮುಟ್ಟಿಸಿದ್ರೆ ನೋಡಿ ಎಂದಳು.

ಮರುದಿನ ತಲೆಗೆ ಟವಲು ಸುತ್ತಿಕೊಂಡು ಅಂಗಡಿಯಲ್ಲಿ ಕುಳಿತಿದ್ದೆ, ತಾತನ ಫೋಟೋದ ಹಾಗೆ. ಸಿಂಚನ ಮೂಟೆಗಳ ಹಿಂದೆ ಇದ್ದಳು. ಆಗ ಮುನಿರಾಜಣ್ಣ ಎಂಬ ಹಳೆಯ ಗಿರಾಕಿ ಒಂದು ಪೊಟ್ಟಣ ಹಿಡಿದುಕೊಂಡು ಬಂದ. ಮುಸುಕಿನ ಜೋಳದ ಬೀಜ, ಯಾರೋ ಗಾಡಿಯಲ್ಲಿ ಮನೆ ಬಾಗಿಲಿಗೆ ತಂದು ಮಾರಿದ್ದಂತೆ. ನೂರಕ್ಕೆ ನೂರು ಮೊಳಕೆ ಎಂದು ದೊಡ್ಡದಾಗಿ ಅಚ್ಚು ಹಾಕಿತ್ತು. ಹೊಲದಲ್ಲಿ ಕಾಲು ಭಾಗವೂ ಬಂದಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ನೆತ್ತಿ ಮೊದಲೇ ಉರಿಯುತ್ತಿತ್ತು. ಸರಿಯಾದ ಪ್ಯಾಕೆಟ್ಟೊಂದನ್ನು ತೆಗೆದು ಅವನ ಮುಂದೆ ಇಟ್ಟೆ.

"ಇಲ್ನೋಡು ಮುನಿರಾಜಣ್ಣ. ಅಸಲಿ ಬೀಜದ ಚೀಟಿ ಯಾವತ್ತೂ ನೂರು ಅನ್ನಲ್ಲ. ಇಷ್ಟು ಬರ್ತದೆ, ಇಷ್ಟು ಬರಲ್ಲ ಅಂತ ಅದೇ ಒಪ್ಕೊಂಡಿರ್ತದೆ. ಯಾರು ಮಾಡಿದ್ರು, ಎಲ್ಲಿ ಮಾಡಿದ್ರು, ಯಾವಾಗ ಮಾಡಿದ್ರು, ಎಲ್ಲ ಇರ್ತದೆ. ನೂರಕ್ಕೆ ನೂರು ಅಂದೋನು ಬೀಜ ಮಾರ್ತಿಲ್ಲ ಕಣಣ್ಣ, ನಿನ್ನ ಆಸೇನ ನಿಂಗೇ ಮಾರ್ತಾನೆ."

ಈ ಭಾಷಣವನ್ನು ನಾನು ವರ್ಷವರ್ಷವೂ ಮಾಡುತ್ತೇನೆ, ಕೊನೆಯ ಸಾಲು ಹೇಳುವಾಗ ಕೌಂಟರು ಕುಟ್ಟುತ್ತೇನೆ. ಮುನಿರಾಜಣ್ಣ ತಲೆದೂಗಿದ. ಮೂಟೆಗಳ ಹಿಂದಿನಿಂದ ಸಣ್ಣ ಧ್ವನಿ ಬಂತು.

"ಅಪ್ಪಾ, ಆ ಬಾಟ್ಲಿ ಮೇಲೆ ಎಷ್ಟು ಅಂತ ಬರ್ದಿದೆ?"

ನಾನು ಕೌಂಟರು ಕುಟ್ಟಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದೆ. ಮಂಜುಳಾಗೆ ಹೆದರಿ ಅಂಗಡಿಗೆ ತಂದಿಟ್ಟಿದ್ದ ಬಾಟಲಿಯನ್ನು ತಿರುಗಿಸಿ ನೋಡಿದೆ. ನೂರಕ್ಕೆ ನೂರು ಎಂದಿತ್ತು. ಯಾರು ಮಾಡಿದರು, ಎಲ್ಲಿ ಮಾಡಿದರು, ಏನು ಹಾಕಿದರು, ಯಾವುದೂ ಇರಲಿಲ್ಲ. ಒಂದು ಮೊಬೈಲ್ ನಂಬರು, ಒಂದು ಓಂಕಾರ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನನ್ನ ಮುಖ ನೋಡಿದವರಿಗೆಲ್ಲ ತಿಳಿಯುವಂತಿತ್ತು. ಮುನಿರಾಜಣ್ಣ ಟವಲನ್ನು ನೋಡಿ, ಬಾಟಲಿಯನ್ನು ನೋಡಿ, ಈ ಸಲ ಮಳೆ ಹೆಂಗಾಗ್ತದೋ ಎಂದ.

ಆದರೂ ಆಸೆ ಎಂಬುದು ಕಳೆಯ ಜಾತಿ ನೋಡಿ, ಕಿತ್ತರೂ ಚಿಗುರುತ್ತದೆ. ಮುಂದಿನ ವಾರ ಸರಕಿಗೆಂದು ನೆಲಮಂಗಲಕ್ಕೆ ಹೋದಾಗ ಅಲ್ಲಿಯೂ ಅದೇ ಶಿಬಿರ ನಡೆಯುತ್ತಿತ್ತು. ಉರಿ ಯಾಕೆ ಬಂತು ಎಂದು ಕೇಳಿಬಿಡೋಣ, ದುಡ್ಡನ್ನಾದರೂ ಹಿಂದಕ್ಕೆ ಕೇಳೋಣ ಎಂದು ಒಳಗೆ ಹೋದೆ. ವೇದಿಕೆಯ ಮೇಲೆ ಅದೇ ಕ್ರಾಪು. ಆದರೆ ಇಲ್ಲಿ ಅವನು ಮಾಗಡಿ ಕಡೆಯ ಬಸ್ ಕಂಡಕ್ಟರು, ಮಕ್ಕಳು ಮೂರು. ಒಂದು ವಾರದಲ್ಲಿ ಕಸುಬೂ ಬದಲಾಗಿ ಸಂಸಾರವೂ ಬೆಳೆದಿತ್ತು. ಅವನು ಇಳಿದು ಹಿಂದೆ ನಿಂತು ಚಿತ್ರಾನ್ನ ತಿನ್ನುತ್ತಿದ್ದಾಗ ನಾನು ಪಕ್ಕಕ್ಕೆ ಹೋದೆ. ಜಗಳ ಆಡಲು ಹೋದವನಿಗೆ ಆ ಕೂದಲನ್ನು ಹತ್ತಿರದಿಂದ ನೋಡಿ ಜಗಳ ಮರೆತುಹೋಯಿತು. ಮಗಳಿಗೆ ಹೀಗಾಗಿದೆ, ನಿಜ ಹೇಳಪ್ಪ, ನಿನಗೆ ಇದರಿಂದಲೇ ಬಂತಾ ಎಂದು ಕೇಳಿದೆ. ಅವನು ಆಚೀಚೆ ನೋಡಿದ. ನನ್ನ ಟವಲಿನ ಅಂಚಿನಲ್ಲಿ ಕೆಂಪಗೆ ಎದ್ದಿದ್ದ ಚರ್ಮವನ್ನೂ ನೋಡಿದ.

"ನಂಗೆ ಉದುರೇ ಇರ್ಲಿಲ್ಲ ಸಾರ್" ಎಂದ. "ಮಗೂನ ಡಾಕ್ಟ್ರ ಹತ್ರ ಕರ್ಕೊಂಡೋಗಿ."

ಆ ಶಿಬಿರದಲ್ಲಿ ನನಗೆ ಸಿಕ್ಕಿದ ಔಷಧಿ ಅದೊಂದೇ ಮಾತು. ಅವನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ.

ತಾಲೂಕು ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ಸಿಂಚನಳ ತಲೆಯನ್ನು ದೀಪದಡಿಯಲ್ಲಿ ಅಷ್ಟಷ್ಟೇ ಬಿಡಿಸಿ ನೋಡಿದರು, ಇತ್ತೀಚೆಗೆ ದೊಡ್ಡ ಜ್ವರ ಬಂದಿತ್ತಾ ಎಂದು ಕೇಳಿದರು. ಜ್ವರ ಎಂಬ ಮಾತನ್ನು ಗುರೂಜಿ ಎತ್ತಿರಲೇ ಇಲ್ಲ. ದೊಡ್ಡ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಹೀಗೆ ಒಟ್ಟಿಗೆ ಉದುರುವುದುಂಟು, ಬೇರು ಸತ್ತಿಲ್ಲ, ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ, ಆದರೆ ತಿಂಗಳುಗಳೇ ಹಿಡಿಯುತ್ತವೆ ಎಂದರು. ರಕ್ತ ಕಡಿಮೆ ಇದೆಯೇನೋ ನೋಡೋಣ ಎಂದು ಪರೀಕ್ಷೆಗೆ ಬರೆದರು. ಮೊಟ್ಟೆ, ಸೊಪ್ಪು, ಕಾಳು ತಿನ್ನಲು ಹೇಳಿದರು. ಬದನೆಕಾಯಿ ತಿನ್ನಬಹುದಾ ಎಂದು ನಾನು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಧಾರಾಳವಾಗಿ ಎಂದರು.

"ಗ್ಯಾರಂಟಿ ಬರ್ತದಾ ಮೇಡಮ್?"

"ಬರೋ ಸಾಧ್ಯತೆ ತುಂಬಾ ಇದೆ ಅಂತೀನಿ. ಗ್ಯಾರಂಟಿ ಕೊಡೋರ ಹತ್ರ ನೀವು ಆಗಲೇ ಹೋಗಿ ಬಂದಿದ್ದೀರಲ್ಲ" ಎಂದು ನನ್ನ ಟವಲಿನ ಕಡೆ ಕೈ ತೋರಿಸಿದರು. ನನ್ನ ಸುಟ್ಟ ನೆತ್ತಿಗೂ ಒಂದು ಮುಲಾಮು ಬರೆದರು. ನನ್ನ ಬೋಳಿನ ವಿಷಯ ನಾನೇ ಎತ್ತಿದೆ. ಇದು ಮನೆತನದ್ದು, ಇರುವುದನ್ನು ಉಳಿಸಿಕೊಳ್ಳಲು ಔಷಧಿ ಇದೆ, ಬೇಕಾದರೆ ಹೇಳಿ, ಹೋದದ್ದು ಪೂರ್ತಿ ಬರುತ್ತದೆಂದು ನಾನು ಹೇಳುವುದಿಲ್ಲ ಎಂದರು. ಅಸಲಿ ಬೀಜದ ಚೀಟಿಯನ್ನೇ ಓದಿದ ಹಾಗಿತ್ತು. ಹೊರಗೆ ಬಂದ ಮೇಲೆ ಸಿಂಚನ ನಕ್ಕಳು. ಎಷ್ಟೋ ದಿನವಾಗಿತ್ತು ಆ ನಗು ಕೇಳಿ.

ಕಾಯುವುದು ಸುಲಭವಲ್ಲ. ಉದುರುವುದು ನಿಂತದ್ದು ಮೊದಲು ಗೊತ್ತಾದದ್ದು ಹಿತ್ತಲ ಗೂಡಿಗೆ. ಆಮೇಲೆ, ರಾಗಿ ಕುಯ್ಲು ಮುಗಿದಿತ್ತು, ಒಂದು ಬೆಳಗ್ಗೆ ಸಿಂಚನ ಹೊಸಿಲ ಮೇಲೆ ಕುಳಿತು ಬಿಸಿಲಿಗೆ ತಲೆ ಒಣಗಿಸುತ್ತಿದ್ದಾಗ ಅವಳ ಹಣೆಯಂಚಿನ ಉದ್ದಕ್ಕೂ ಸಣ್ಣ ಸಣ್ಣ ಕೂದಲು ನೆಟ್ಟಗೆ ನಿಂತಿದ್ದು ಬೆಳಕಿನಲ್ಲಿ ಕಂಡಿತು. ಮಳೆ ಬಿದ್ದ ಎಂಟನೆಯ ದಿನದ ಹೊಲದ ಹಾಗೆ. ನಾನು ಮಂಜುಳಾಳನ್ನು ಕೂಗಿದೆ, ಮಂಜುಳಾ ಅವ್ವನನ್ನು ಕೂಗಿದಳು. ಮೂವರೂ ಒಂದೇ ತಲೆಯ ಮೇಲೆ ಬಗ್ಗಿ ನಿಂತೆವು. ನನಗೆ ಕಣ್ಣು ತುಂಬಿತು, ಈ ಸಲ ಸೀಗೆಪುಡಿ ಇಲ್ಲದೆ. ಸಿಂಚನ ಮರುವಾರ ಕಾಲೇಜಿಗೆ ಹೊರಟಳು, ದುಪಟ್ಟ ಹೆಗಲ ಮೇಲಿತ್ತು.

ಆ ತಿಂಗಳೇ ಶಿಬಿರದವರ ಫೋನು ಬಂತು. "ಮಗಳಿಗೆ ಕೂದ್ಲು ಬಂತಾ ಸಾರ್? ಫೋಟೋ ಕಳ್ಸಿ, ಮೊದಲಿಂದು ಒಂದು, ಈಗಿಂದು ಒಂದು" ಎಂದರು. ತಾನಾಗಿ ಬಂದ ಬೆಳೆಗೆ ಇವರು ಕಣಕ್ಕೆ ಬಂದು ಮೊರ ಹಿಡಿದು ನಿಂತಿದ್ದರು. ಆ ಬಾಟಲಿ ಅಷ್ಟರಲ್ಲಿ ಶಟರ್ ಜಾರುವ ಎರಡು ಪಕ್ಕದ ಸಂದುಗಳಿಗೆ ಹೋಗಿತ್ತು, ಒಂದೇ ದಿನಕ್ಕೆ ತುಕ್ಕು ಬಿಟ್ಟಿತ್ತು. ನಾನು ಎರಡು ಫೋಟೋ ಕಳಿಸಿದೆ. ಮೊದಲನೆಯದರಲ್ಲಿ ಶಟರ್ ಮುಚ್ಚಿದೆ, ಎರಡನೆಯದರಲ್ಲಿ ತೆರೆದಿದೆ. ಮತ್ತೆ ಫೋನು ಬರಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಅವ್ವ ಬಿಡಲಿಲ್ಲ. ಒಂದು ಸೋಮವಾರ ಊಟದ ಹೊತ್ತಿನಲ್ಲಿ ಅವ್ವ ಮೆಲ್ಲಗೆ ವಿಷಯ ತೆಗೆದಳು. ಸಿಂಚನಳ ಕೂದಲು ಉದುರುತ್ತಿದ್ದಾಗ ಅವಳು ಶಿವಗಂಗೆಯ ಗಂಗಾಧರೇಶ್ವರನಿಗೆ ಹರಕೆ ಹೊತ್ತಿದ್ದಳಂತೆ. ಮೊಮ್ಮಗಳ ತಲೆ ತುಂಬಾ ಕೂದಲು ಕೊಟ್ಟರೆ ಅವಳ ಮುಡಿ ಕೊಡಿಸುತ್ತೇನೆ ಎಂದು.

ಮುದ್ದೆ ಮುರಿಯುತ್ತಿದ್ದವರ ಕೈಗಳು ನಿಂತವು. ಕೂದಲು ಬಂದರೆ ಕೂದಲನ್ನೇ ಬೋಳಿಸುವ ಹರಕೆ ನಮ್ಮ ಮನೆಯಲ್ಲಲ್ಲದೆ ಇನ್ನೆಲ್ಲೂ ಹುಟ್ಟಲಾರದು.

"ಕೊಡೋಕೇ ಆದ್ರೆ ಬರೋದ್ಯಾಕಜ್ಜಿ?" ಎಂದಳು ಸಿಂಚನ.

"ಇರೋದನ್ನ ತಾನೆ ಕಣವ್ವ ದೇವ್ರಿಗೆ ಕೊಡೋದು. ಇಲ್ದಿದ್ದನ್ನ ಕೊಡಕ್ಕಾಗ್ತದಾ?" ಎಂದಳು ಅವ್ವ.

ಮೂರು ಕತ್ತರಿ ಹಾಕಿಸಿದರೆ ಸಾಕಲ್ಲ, ಹೆಣ್ಣುಮಕ್ಕಳಿಗೆ ಹಾಗೇ ಮಾಡುವುದು ಎಂದು ಮಂಜುಳಾ ಹೇಳಿ ನೋಡಿದಳು. ತಾನು ಮುಡಿ ಎಂದು ಬಾಯಿಬಿಟ್ಟು ಹೇಳಿದ್ದೇನೆ, ಈಗ ದೇವರ ಹತ್ತಿರ ಚೌಕಾಸಿ ಮಾಡಲಾರೆ ಎಂದಳು ಅವ್ವ. ಅವಳದು ಹಟವಲ್ಲ, ಭಯ. ಜ್ವರದಲ್ಲಿ ಮಗು ಮಲಗಿದ್ದಾಗ ಅವಳು ಕುಳಿತಿದ್ದ ರೀತಿ ನನಗೆ ಗೊತ್ತು. ಹರಕೆ ತಪ್ಪಿದರೆ ಮತ್ತೆ ಏನಾದರೂ ಆದೀತು ಎಂದು ಆ ಮುದಿಜೀವ ನಡುಗುತ್ತಿತ್ತು. ಸಿಂಚನ ಎಡಗೈಯನ್ನು ಹಣೆಯಂಚಿಗೆ ತಂದು ಆ ಚಿಕ್ಕ ಚಿಕ್ಕ ಕೂದಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಇವೆಯಾ ಎಂದು.

"ಅವಳ ಬದ್ಲು ನಂದು ಕೊಟ್ರೆ ಆಗಲ್ವಾ ಅವ್ವ?" ಎಂದೆ.

ಮಾತು ಬಾಯಿಂದ ಜಾರಿದ ಮೇಲೆ ನನಗೇ ಗಾಬರಿಯಾಯಿತು. ಎಡಗಿವಿಯ ಮೇಲೆ ಅಷ್ಟು ವರ್ಷ ನೀರೆರೆದು ಸಾಕಿದ್ದು, ಬಿಸಿಲು ಗಾಳಿಯಿಂದ ಕಾದದ್ದು, ಗುರೂಜಿಯ ಉರಿಯನ್ನೂ ದಾಟಿ ಬದುಕಿದ್ದು. ಮೂವರೂ ನನ್ನ ತಲೆಯನ್ನೇ ನೋಡಿದರು. ಇದನ್ನು ದೇವರಿಗೆ ಕೊಟ್ಟರೆ ತೂಕದಲ್ಲಿ ಮೋಸ ಎಂದು ಅವ್ವ ಹೇಳಿಯಾಳು ಎಂಬ ಒಂದು ಆಸೆ ನನಗೆ ಉಳಿದಿತ್ತು.

ಅವ್ವ ನನ್ನ ಎಡಗಿವಿಯ ಕಡೆ ನೋಡಿ, "ಆಗ್ಲಿ ಬುಡು" ಎಂದಳು. "ಅದು ನಿಂಗೆ ಎಷ್ಟು ಅಂತ ದೇವ್ರಿಗೂ ಗೊತ್ತದೆ."

ಅಲ್ಲಿಗೆ ಅವ್ವನಿಗೂ ಗೊತ್ತಿತ್ತು. ಫ್ಯಾನು, ಕಿಟಕಿಯ ಸೀಟು, ಚಪ್ಪ‌ಲಿ ಕಾಯುವುದು, ಎಲ್ಲವೂ.

ಶಿವಗಂಗೆಯಲ್ಲಿ ಬೆಟ್ಟದ ಕೆಳಗೆ ಮುಡಿ ತೆಗೆಯುವವನು ನನ್ನನ್ನು ಕೂರಿಸಿ ನೀರು ಚಿಮುಕಿಸಿದ. ಬಲಗಿವಿಯ ಮೇಲಿದ್ದದ್ದನ್ನು ಹಿಡಿದು ಎತ್ತಿದ, ಅದು ಎತ್ತಿದಷ್ಟೂ ಬಂತು. ಕೊನೆಗೆ ಎಡಗಿವಿಯ ಹತ್ತಿರ ಅದರ ಬುಡ ಸಿಕ್ಕಿದಾಗ ಅವನು ಕತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ತೆಗೆದುಬಿಡ್ಲಾ ಸ್ವಾಮಿ ಎಂದು ಕೇಳಿದ. ಎಷ್ಟೋ ತಲೆ ಬೋಳಿಸಿದವನು, ಯಾರನ್ನೂ ಹಾಗೆ ಕೇಳಿರಲಿಕ್ಕಿಲ್ಲ. ತೆಗಿಯಪ್ಪ ಎಂದೆ. ಕ್ಷಣದಲ್ಲಿ ಮುಗಿಯಿತು. ನನ್ನ ತಲೆಯ ಮೇಲಿದ್ದ ಅಷ್ಟು ವರ್ಷದ ಚಿಂತೆ ಒಂದು ಹಿಡಿಯಷ್ಟೂ ಆಗಲಿಲ್ಲ.

ಮಂಡಿ ನೋವಿನ ಅವ್ವ ಆ ಸಲ ಚಪ್ಪಲಿ ಕಾಯಲು ಕುಳಿತಳು. ಕೋಲು ಹಿಡಿದು ಕೋತಿಗಳನ್ನು ಗದರಿಸುತ್ತಾ, ನೀನು ಹೋಗಿ ಬಾ ಎಂದಳು. ಮದುವೆಯಾದ ಮೇಲೆ ನಾನು ಆ ಬೆಟ್ಟ ಹತ್ತಿದ್ದು ಅದೇ ಮೊದಲು. ಮಂಜುಳಾ ಅರ್ಧಕ್ಕೆ ಸೋತು ಕಲ್ಲಿನ ಮೇಲೆ ಕುಳಿತಳು. ನಾನೂ ಸಿಂಚನಳೂ ಏದುಸಿರು ಬಿಡುತ್ತಾ ಮೇಲಕ್ಕೆ ಹೋದೆವು. ಮೇಲೆ ಗಾಳಿ ಎಂದರೆ ಗಾಳಿ. ಬೋಳು ನೆತ್ತಿಗೆ ಅದು ನೇರ ಬಂದು ಬಡಿಯಿತು. ನಾನು ಅಭ್ಯಾಸಬಲದಿಂದ ಎಡಗೈಯನ್ನು ಕಿವಿಯ ಹತ್ತಿರ ತಂದೆ. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಬಿಟ್ಟು, ಮುಖವೆತ್ತಿ ಗಾಳಿಗೆ ಎದುರಾಗಿ ನಿಂತೆ. ಎಂಥ ತಂಪು. ಇಷ್ಟು ವರ್ಷ ಇದನ್ನು ಬಿಟ್ಟು ಕೆಳಗೆ ಚಪ್ಪಲಿ ಕಾಯುತ್ತಿದ್ದೆನಲ್ಲ.

ಪಕ್ಕದಲ್ಲಿ ಸಿಂಚನಳ ಜಡೆ ಬಿಚ್ಚಿಹೋಗಿತ್ತು. ಹಳೆಯ ಉದ್ದ ಕೂದಲು, ಹೊಸ ಚಿಕ್ಕ ಕೂದಲು, ಎಲ್ಲ ಎದ್ದು ಅವಳ ಮುಖದ ತುಂಬ ಹಾರಾಡುತ್ತಿತ್ತು.

"ಥೂ, ಈ ಕೂದ್ಲು ಒಂದು, ಕಣ್ಣು ಬಾಯಿಗೆಲ್ಲ ಬರ್ತದೆ" ಎಂದು ಬೈದುಕೊಳ್ಳುತ್ತಾ ಎರಡೂ ಕೈಯಲ್ಲಿ ಅದನ್ನು ಒಟ್ಟು ಮಾಡತೊಡಗಿದಳು. "ಅಪ್ಪಾ, ಈ ಕ್ಲಿಪ್ಪು ಹಿಡ್ಕೋ, ಕೇಳಿದಾಗ ಕೊಡು."

ಕ್ಲಿಪ್ಪು ಹಿಡಿದುಕೊಂಡು ನಿಂತೆ. ಅವಳು ಕೈ ಚಾಚಿ ಕೊಡಪ್ಪ, ಕೊಡಪ್ಪ ಎಂದು ಕೇಳುತ್ತಲೇ ಇದ್ದಳು. ನಾನು ಬೇಗ ಕೊಡಲಿಲ್ಲ.